ತುಂಬಿದ ಬಟ್ಟಲು

ತಿಲೆಕ್ ಚಹಾದ ಬಟ್ಟಲನ್ನು ಅಂಚಿನವರೆಗೂ ತುಂಬಿಸಿ ಬೇಗಿಮಾಯ್ ಮುಂದೆ ಇಟ್ಟ.

ಗುಡಾರದಲ್ಲಿದ್ದವರೆಲ್ಲ ಆ ಬಟ್ಟಲನ್ನೇ ನೋಡಿದರು. ರೊಟ್ಟಿ ಮುರಿಯುತ್ತಿದ್ದ ಅವನ ತಾಯಿ ಗುಲ್ಸುನ್ ಕೈ ಅಲ್ಲೇ ನಿಂತಿತು.

ನಮ್ಮ ನರಿನ್ ಬೆಟ್ಟಗಳಲ್ಲಿ ಬೇಕಾದವರಿಗೆ ಯಾರೂ ಬಟ್ಟಲು ತುಂಬ ಚಹಾ ಕೊಡುವುದಿಲ್ಲ. ಎರಡು ಗುಟುಕು ಹಾಕುತ್ತೇವೆ, ಮುಗಿದರೆ ಮತ್ತೆರಡು. ಇನ್ನಷ್ಟು ಹೊತ್ತು ಕೂತಿರಿ ಎಂದು ಅದರ ಅರ್ಥ. ತುಂಬಿ ಕೊಟ್ಟರೆ... ಕುಡಿದು ಎದ್ದು ಹೋಗಿ ಎಂದರ್ಥ. ಬಾಯಿ ಬಿಟ್ಟು ಹೇಳಬೇಕಾಗಿಯೇ ಇಲ್ಲ.

ಅದೂ ಯಾರಿಗೆ? ದೇಶದ ಅಧ್ಯಕ್ಷರ ಮಗಳಿಗೆ!

ಬೇಗಿಮಾಯ್ ಕಿವಿ ಬಿಸಿಯಾಯಿತು. ಬೇಸಿಗೆಯಲ್ಲಿ ಕುರಿ, ಕುದುರೆಗಳ ಹಿಂದೆ ಬೆಟ್ಟ ಹತ್ತುವ ಮನೆಗಳ ಮಕ್ಕಳಿಗೆ ಗುಡಾರದಲ್ಲೇ ಶಾಲೆ ನಡೆಸಬೇಕೆಂದು ಅವಳು ಅಪ್ಪನ ಮಂತ್ರಿಗಳ ಹತ್ತಿರವೆಲ್ಲ ಜಗಳವಾಡಿದ್ದಳು. ಇವತ್ತು ಅಂಥ ಮೊದಲ ಶಾಲೆಯ ಉದ್ಘಾಟನೆ. ಇಲ್ಲಿ ನೋಡಿದರೆ ಆ ಶಾಲೆಯ ಮೇಷ್ಟ್ರೇ ಅವಳಿಗೆ ಹೊರಗಿನ ದಾರಿ ತೋರಿಸುತ್ತಿದ್ದಾನೆ.

"ನಾನೇನು ತಪ್ಪು ಮಾಡಿದೆ, ಮೇಷ್ಟ್ರೇ?" ಮೆಲ್ಲಗೆ ಕೇಳಿದಳು.

"ಬೆಳಗ್ಗಿಂದ ಮಕ್ಕಳು ಗಾಳೀಲಿ ನಿಂತಿದ್ದಾರೆ. ಬಟ್ಟೆ ಮಾಸುತ್ತೆ ಅಂತ ನಿಮ್ಮ ಕ್ಯಾಮೆರಾದೋರು ಕೂತ್ಕೊಳ್ಳೋಕೂ ಬಿಟ್ಟಿಲ್ಲ."

ಅವಳಿಗೆ ಅದು ಗೊತ್ತೇ ಇರಲಿಲ್ಲ. ಗೊತ್ತಿರಲಿಲ್ಲ ಎಂದು ಹೇಳಲೂ ನಾಚಿಕೆಯಾಯಿತು. ಬಟ್ಟಲನ್ನೆತ್ತಿ, ನಾಲಿಗೆ ಸುಡುತ್ತಿದ್ದರೂ ಬಿಡದೆ ಪೂರ್ತಿ ಕುಡಿದಳು. ಆಮೇಲೆ ಖಾಲಿ ಬಟ್ಟಲನ್ನು ಅವನ ಮುಂದೆ ಚಾಚಿದಳು.

"ಇನ್ನೊಂದು ಹಾಕಿ. ಕ್ಯಾಮೆರಾದೋರು ಹೊರಡ್ತಾರೆ, ನಾನು ಹೊರಡಲ್ಲ."

ಗುಲ್ಸುನ್ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಳು. "ತಗೊಳ್ಳೋ, ಸರಿಯಾದೋಳು ಸಿಕ್ಕಿದ್ಲು ನಿಂಗೆ."

ಎರಡನೇ ಸಲ ತಿಲೆಕ್ ಎರಡೇ ಗುಟುಕು ಹಾಕಿದ.

ಆ ಬೇಸಿಗೆಯಲ್ಲಿ ಅವಳು ಮತ್ತೆ ಮತ್ತೆ ಬಂದಳು, ಕ್ಯಾಮೆರಾ ಇಲ್ಲದೆ. ಮಕ್ಕಳ ಮೂಗೊರೆಸಿದಳು, ಕಥೆ ಓದಿದಳು, ಒಲೆಗೆ ಬೆರಣಿ ಒಟ್ಟಿ ಊದೀ ಊದೀ ಮುಖವೆಲ್ಲ ಮಸಿ ಮಾಡಿಕೊಂಡಳು.

"ಅಧ್ಯಕ್ಷರು ಈಗ ನಿಮ್ಮನ್ನ ನೋಡಿದ್ರೆ ಗುರುತು ಹಿಡಿಯಲ್ಲ ಬಿಡಿ," ತಿಲೆಕ್ ಅಂದ.

"ಹಿಡಿಯದಿದ್ರೆ ಒಳ್ಳೇದೇ. ಇಲ್ಲೇ ಇದ್ದುಬಿಡ್ತೀನಿ."

ತಮಾಷೆಗೇ ಅಂದದ್ದು. ಆದರೆ ಅಂದ ಮೇಲೆ ಇಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ.

ಒಂದೇ ಒಂದು ಸಂಗತಿ ಬೇಗಿಮಾಯ್‌ಗೆ ಚುಚ್ಚುತ್ತಿತ್ತು. ಗುಲ್ಸುನ್ ಅವಳನ್ನು ಪ್ರತಿ ಸಲವೂ ಬಾಗಿಲಿಗೆ ಎದುರಿನ ಗೌರವದ ಜಾಗದಲ್ಲೇ ಕೂರಿಸುತ್ತಿದ್ದಳು. ಅದು ಅತಿಥಿಗಳ ಜಾಗ. ಮನೆಯ ಹೆಣ್ಣುಮಕ್ಕಳು ಕೂರುವುದು ಬಾಗಿಲ ಪಕ್ಕ, ಚಹಾದ ನೀರು ಕುದಿಯುವ ಸಮೋವರ್ ಹತ್ತಿರ. ಎಲ್ಲರಿಗೂ ಚಹಾ ಹಾಕಿಕೊಡುವುದು ಹೆಚ್ಚಾಗಿ ಅವರೇ.

'ಹೋದಲ್ಲೆಲ್ಲ ಮೇಲಿನ ಜಾಗ ಕೊಡ್ತಾರೆ... ಯಾರಾದ್ರೂ ಒಬ್ರು ಬಾರಮ್ಮ, ಈ ಕೆಲಸಕ್ಕೆ ಕೈ ಹಾಕು ಅನ್ನಬಾರದಾ?'

ಹುಲ್ಲು ಹಳದಿಯಾಯಿತು. ಗುಡಾರಗಳನ್ನು ಬಿಚ್ಚುವ ಕಾಲ ಬಂತು. ಕೊನೆಯ ದಿನ ಗುಲ್ಸುನ್ ಕುದುರೆಗಳ ಹಾಲು ಕರೆಯಲು ಹೋಗಿದ್ದಾಗ ಬೇಗಿಮಾಯ್ ತಾನಾಗಿಯೇ ಎದ್ದು ಬಂದು ಸಮೋವರ್ ಪಕ್ಕ ಕೂತಳು. ಮನಸ್ಸಿನಲ್ಲಿದ್ದದ್ದನ್ನು ಇವತ್ತು ಹೇಳಿಯೇ ಹೋಗಬೇಕು...

ತಿಲೆಕ್ ಎದುರಿಗೆ ಕೂತ. ಅವಳು ತಲೆ ತಗ್ಗಿಸಿ ಅವನಿಗೆ ಚಹಾ ಹಾಕಿಕೊಟ್ಟಳು.

ಅವನು ಬಟ್ಟಲನ್ನೇ ಬಹಳ ಹೊತ್ತು ನೋಡಿದ. ಕುಡಿದು ಎದ್ದು ನಿಂತ.

"ದಾರಿ ದೂರ ಇದೆ. ಹುಷಾರಾಗಿ ಹೋಗಿ," ಎಂದು ಹೊರಗೆ ನಡೆದ.

ಅಷ್ಟೇ. ಅವಳು ಬಾಯಿ ತೆರೆಯುವ ಮೊದಲೇ ಎಲ್ಲ ಮುಗಿದುಹೋಗಿತ್ತು.

ಚಳಿಗಾಲವಿಡೀ ಅವನು ಒಂದು ಫೋನೂ ಮಾಡಲಿಲ್ಲ. ಅವಳೂ ಮಾಡಲಿಲ್ಲ. ಎದ್ದು ಹೋದವನನ್ನು ಕರೆದು ಏನೆಂದು ಕೇಳುವುದು?

ಅದೇ ಚಳಿಗಾಲದಲ್ಲಿ ಅವಳ ಅಪ್ಪನ ಅಧಿಕಾರದ ಅವಧಿ ಮುಗಿಯಿತು. ಅಪ್ಪ ಮಗಳು ರಾಜಧಾನಿ ಬಿಷ್ಕೆಕ್‌ನ ತಮ್ಮ ಹಳೆಯ ಮನೆಗೆ ಮರಳಿದರು. ಬಾಗಿಲಲ್ಲಿ ಕಾವಲುಗಾರರಿಲ್ಲ, ಫೋನಿಗೂ ಕೆಲಸವಿಲ್ಲ. ದಿನಾ ಬರುತ್ತಿದ್ದವರು ಬೀದಿಯಲ್ಲಿ ಸಿಕ್ಕರೂ ಆ ಕಡೆ ದಾಟತೊಡಗಿದರು.

"ಬೇಜಾರು ಮಾಡ್ಕೋಬೇಡ ಮಗಳೇ," ಅಪ್ಪ ಅಂದರು. "ಇನ್ಮೇಲೆ ಯಾರು ಬಾಗಿಲು ತಟ್ಟುತ್ತಾರೋ ಅವರೇ ನಮ್ಮೋರು."

'ನಾನು ಹೋಗಿ ತಟ್ಟಿದ್ರೆ ಯಾರಾದ್ರೂ ತೆಗೀತಾರಾ ಅಪ್ಪ...' ಎಂದುಕೊಂಡಳು.

ಗುಡಾರದ ಶಾಲೆಗಳನ್ನು ಮಾತ್ರ ಅವಳು ಕೈಬಿಡಲಿಲ್ಲ. ಅವರಿವರ ಕಾಲು ಹಿಡಿದು ಪುಸ್ತಕ ಕೂಡಿಸಿದಳು. ಹುಲ್ಲು ಮತ್ತೆ ಹಸಿರಾದಾಗ ಬಾಡಿಗೆ ವ್ಯಾನಿನಲ್ಲಿ, ಕುರಿ ಮಾರಿ ಮರಳುತ್ತಿದ್ದವರ ನಡುವೆ ಪುಸ್ತಕದ ಮೂಟೆ ತಬ್ಬಿಕೊಂಡು ಕೂತು ಬೆಟ್ಟ ಹತ್ತಿದಳು.

ಗುಲ್ಸುನ್ ಓಡಿ ಬಂದು ತಬ್ಬಿಕೊಂಡು ಹಣೆಗೆ ಮುತ್ತಿಟ್ಟಳು. "ಎಷ್ಟು ಸೊರಗಿದ್ದೀಯೇ! ಬಾ, ಒಳಗೆ ಬಾ." ಕೈಹಿಡಿದು ನೇರ ಮೇಲಿನ ಜಾಗಕ್ಕೇ ಕರೆದೊಯ್ದಳು.

ಬೇಗಿಮಾಯ್ ನಡುವೆಯೇ ನಿಂತುಬಿಟ್ಟಳು.

"ಅಮ್ಮ, ನಾನೀಗ ಅಧ್ಯಕ್ಷರ ಮಗಳಲ್ಲ. ನನ್ನ ಅಲ್ಲಿ ಕೂರಿಸ್ಬೇಡಿ."

"ಮತ್ತೆಲ್ಲಿ ಕೂರ್ತೀಯ?"

ಅವಳ ಕಣ್ಣು ಸಮೋವರ್ ಕಡೆ ಹೋಗಿ ಬಂತು.

ಅಷ್ಟರಲ್ಲಿ ತಿಲೆಕ್ ಮೂಟೆ ಹೊತ್ತು ಒಳಗೆ ಬಂದ. ಅದನ್ನಿಳಿಸಿ, ಮುಖ ನೋಡದೆ ಕೇಳಿದ.

"ಹೋಗು ಅಂದೋರೇ ಮತ್ತೆ ಬಂದಿದ್ದೀರಲ್ಲ?"

"ನಾನು ಹೋಗು ಅಂದ್ನಾ? ಎದ್ದು ಹೋಗಿದ್ದು ನೀವು."

"ಕೊನೇ ದಿನ ನೀವು ಕೊಟ್ಟ ಬಟ್ಟಲು ಅಂಚಿನವರೆಗೂ ತುಂಬಿತ್ತು. ಕುರಿ ಕಾಯೋರ ಮಗ ನಾನು. ಅದಕ್ಕಿಂತ ಬಿಡಿಸಿ ಹೇಳ್ಬೇಕಾ ನಂಗೆ?"

ಬೇಗಿಮಾಯ್ ಅವನನ್ನೇ ನೋಡಿದಳು. ಆ ದಿನ, ಆ ಬಟ್ಟಲು, ಅವನು ಎದ್ದು ನಡೆದದ್ದು... ಎಲ್ಲ ಈಗ ಅರ್ಥವಾಯಿತು.

"ತಿಲೆಕ್... ಬಟ್ಟಲು ತುಂಬಿದ್ದು ನಂಗೆ ಕಾಣ್ಲೇ ಇಲ್ಲ. ಕಣ್ಣು ತುಂಬಿತ್ತು."

"ಯಾಕೆ?"

"ಹೋಗೋಕೆ ಮನಸ್ಸಿರ್ಲಿಲ್ಲ. ಅದನ್ನ ಹೇಳೋಕೆ ಅಂತಾನೇ ಅಲ್ಲಿ ಬಂದು ಕೂತಿದ್ದೆ."

ಅವನು ಮೂಟೆಯ ಮೇಲೆ ಕುಸಿದು ಕೂತ. "ನಾನೊಬ್ಬ ಕತ್ತೆ," ಅಂದ.

"ಈಗ ಗೊತ್ತಾಯ್ತಾ?" ಗುಲ್ಸುನ್ ಸೊಂಟಕ್ಕೆ ಕೈಯಿಟ್ಟಳು. "ಚಳಿಗಾಲವಿಡೀ ಹಳಸಿದ ಮುಖ ಹೊತ್ಕೊಂಡು ತಿರುಗಿದ. ಬಾಯಿ ಬಿಟ್ಟು ಒಂದು ಮಾತು ಕೇಳೋದಲ್ವಾ? ಓದಿದೋರಂತೆ ಇಬ್ರೂ."

ಬೈಯುತ್ತಲೇ ಪೆಟ್ಟಿಗೆ ತೆರೆದು ಬಟ್ಟೆಯ ಗಂಟೊಂದನ್ನು ಬಿಚ್ಚಿದಳು. ಒಳಗೆ ಬೆಳ್ಳಿಯ ಓಲೆಗಳು. ನಮ್ಮಲ್ಲಿ ಗಂಡಿನ ತಾಯಿ ಹೆಣ್ಣಿನ ಕಿವಿಗೆ ಓಲೆ ಹಾಕಿದರೆ ಸಂಬಂಧ ಗೊತ್ತಾದಂತೆ.

"ಹೋದ ವರ್ಷವೇ ಉಜ್ಜಿ ಇಟ್ಟಿದ್ದೆ. ಪದವಿಗೋಸ್ಕರ ಅಧ್ಯಕ್ಷರ ಮಗಳನ್ನ ಹಿಡಿದ ಅಂತ ಜನ ಆಡ್ಕೋತಾರೆ ಅಂತ ಇವನೇ ತಡೆದ. ಈಗ ಯಾರೇನಂತಾರೆ? ಬರೋ ವಾರ ಈ ಓಲೆ ತಗೊಂಡು ನಾನೇ ಹೋಗಿ ನಿಮ್ಮಪ್ಪನ ಬಾಗಿಲು ತಟ್ಟುತ್ತೀನಿ."

ಬೇಗಿಮಾಯ್‌ಗೆ ಅಪ್ಪನ ಮಾತು ನೆನಪಾಗಿ ಅಳು ಉಕ್ಕಿ ಬಂತು.

"ಅಳೋದು ಆಮೇಲೆ," ಗುಲ್ಸುನ್ ಗದರಿದಳು. "ಸಮೋವರ್ ಕುದೀತಾ ಇದೆ, ಹೋಗಿ ನೋಡು. ಸುಮ್ನೆ ನಿಂತಿರೋಕೆ ನೀನೇನು ಅತಿಥಿನಾ?"

ಇಷ್ಟು ಒಳ್ಳೆಯ ಮಾತನ್ನು ಅವಳಿಗೆ ಈವರೆಗೆ ಯಾರೂ ಆಡಿರಲಿಲ್ಲ.

ಕಣ್ಣೊರೆಸಿಕೊಂಡು ಹೋಗಿ ಬಾಗಿಲ ಪಕ್ಕ ಕೂತಳು. ಈ ಸಲ ಬಟ್ಟಲನ್ನು ಚೆನ್ನಾಗಿ ನೋಡಿಕೊಂಡು ಒಂದೇ ಒಂದು ಗುಟುಕು ಹಾಕಿ ತಿಲೆಕ್‌ಗೆ ಕೊಟ್ಟಳು.

"ಇಷ್ಟೇನಾ?"

"ಇಷ್ಟೇ. ಮುಗಿದ್ರೆ ಕೇಳು."

"ಎಷ್ಟು ಸಲ ಅಂತ ಕೇಳ್ಲಿ?"

"ಕೇಳ್ತಾನೇ ಇರು... ನಾನು ಇಲ್ಲೇ ಇರ್ತೀನಿ."

ತಿಲೆಕ್ ಕುಡಿದು ಖಾಲಿ ಬಟ್ಟಲನ್ನು ಅವಳ ಮುಂದೆ ಚಾಚಿದ.