ಬೋರಿಂಗ್ ಕಟ್ಟೆಯ ಹೊಲಸು

ಗುರುಗುಂಟಾದ ಆ ಓಣಿಗೆ ಸರ್ಕಾರದ ಬೋರಿಂಗ್, ಅಂದರೆ ಕೈಪಂಪಿನ ಕೊಳವೆಬಾವಿ, ಬಂದು ಎರಡು ತಿಂಗಳಾಗಿತ್ತು. ಎಂಬತ್ತೆಂಟರ ಬೇಸಿಗೆಯ ಒಂದು ಬೆಳಿಗ್ಗೆ ಅದರ ಕಟ್ಟೆಯ ಮೇಲೆ ಹಂದಿಯ ಹೊಲಸು ಬಿದ್ದಿತ್ತು.

ಓಣಿಯಲ್ಲಿ ಹಂದಿ ಸಾಕಿದವಳು ಗ್ಯಾನಮ್ಮ ಒಬ್ಬಳೇ. ಸಂಜೆಯೊಳಗೆ ಹಂದಿಗಳನ್ನು ಊರಾಚೆ ಅಟ್ಟಬೇಕೆಂದು ಪಕ್ಕದ ಮನೆಯ ಆದಪ್ಪ ಪಟ್ಟು ಹಿಡಿದ. ಗ್ಯಾನಮ್ಮನ ಗಂಡ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಕೂಲಿಗಿದ್ದ. ಮನೆಯಲ್ಲಿ ಕಣ್ಣು ಮಂಜಾದ ಅತ್ತೆ ಮುದುಕಮ್ಮ. ಆ ಹಂದಿಗಳೇ ಅವರ ಅನ್ನ. ಎರಡು ದಿನದಿಂದ ಜ್ವರದಲ್ಲಿ ಮಲಗಿದ್ದ ಗ್ಯಾನಮ್ಮ ಗೋಡೆ ಹಿಡಿದು ಎದ್ದು ಬಂದಳು.

ನಿವೃತ್ತ ಪೊಲೀಸ್ ದಫೇದಾರ ವೆಂಕೋಬನನ್ನು ಕರೆಸಿದರು. ಆತ ಕಟ್ಟೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೊಲಸನ್ನು ಕಡ್ಡಿಯಿಂದ ಕೆದಕಿದ. ಆಮೇಲೆ ಹಂದಿದೊಡ್ಡಿಗೆ ಬಂದು ಗ್ಯಾನಮ್ಮನನ್ನು ಕೇಳಿದ.

"ಹಂದಿ ಹೊರಗ ಬಿಟ್ಟಿದ್ದೇನವ್ವ?"

"ಇಲ್ರೀ. ಅಗಳಿ ಹಾಕಿದಂಗ ಐತಿ."

"ಆದಪ್ಪ, ನಿನಗ ಹಂದಿ ಕಂಡ್ರ ಆಗಂಗಿಲ್ಲ. ನೀನೇ ತಂದು ಹಾಕಿರಬಾರದ್ಯಾಕ?"

"ನಾನೂ ಅದೇ ನೀರು ಕುಡಿಯಾಂವ್ರೀ."

ವೆಂಕೋಬ ಒಳಗೆ ಇಣುಕಿದ. ಹಂದಿಗಳು ಮಲಗುವ ಹುಲ್ಲು ಒಣಗಿತ್ತು. ನೀರಿನ ಬಾನಿಯ ಪಕ್ಕದ ಹಸಿ ಮೂಲೆಯೂ ಸ್ವಚ್ಛ!

"ಈ ಮೂಲಿ ಯಾರು ಬಳದ್ರು?"

"ನಾ ಅಂತೂ ಈಗಿನ ತನಕ ಹಾಸಿಗಿ ಬಿಟ್ಟು ಎದ್ದಿದ್ದಿಲ್ರೀ."

"ಹೇಲಿನ ಮ್ಯಾಲ ಬೂದಿ ಚೆಲ್ತೀರೇನು?"

"ನಾತ ಬರಬಾರದಂತ ದಿನಾ ಚೆಲ್ತೀವಿ."

ವೆಂಕೋಬ ಜನರ ಕಡೆ ತಿರುಗಿದ.

"ಹಂದಿ ಹೊಲಸು ಅಂತೀರಿ. ಅದು ತಾ ಮಲಗೋ ಜಾಗ ಕೆಡಿಸಂಗಿಲ್ಲ, ದಿನಾ ಒಂದೇ ಮೂಲಿಗೆ ಹೋಗ್ತದ. ಆ ಮೂಲಿ ಯಾರೋ ಬಳದಾರ. ಕಟ್ಟಿ ಮ್ಯಾಲಿನ ಹೇಲಿನ್ಯಾಗ ಬೂದಿ ಐತಿ, ಯಾರೂ ನೋಡಲಿಲ್ಲ. ಹಂದಿ ಬೂದಿ ಹೊತ್ಕೊಂಡು ಬರ್ತದೇನು? ಬುಟ್ಟ್ಯಾಗ ತಂದು ಸುರುವ್ಯಾರ. ಬೋರಿಂಗ್ ಹಾಕೂಕಿಂತ ಮೊದಲ ಅಲ್ಲೇನಿತ್ತು?"

"ನಮ್ಮ ತಿಪ್ಪಿ—" ಎಂದ ಗ್ಯಾನಮ್ಮ ಬಾಯಿ ಮುಚ್ಚಿಕೊಂಡಳು.

"ಹೂಂ. ಕಣ್ಣು ಕಾಣದ ಹಳೇ ಹೆಜ್ಜಿ ಎಣಿಸ್ಕೊಂಡು ಹೋಗಿ ಸುರುವಿದಾಕಿ ನಿಮ್ಮತ್ತಿ."

ಮುದುಕಮ್ಮ ಬಾಗಿಲು ಹಿಡಿದು ನಿಂತಿದ್ದಳು. "ಹೌದಪ್ಪ, ನಾನೇ. ಸೊಸಿ ಮೈ ಕೆಂಡ ಆಗಿತ್ತು. ಎದ್ದ ಮ್ಯಾಲ ಅಕಿಗೆ ಕೆಲಸ ಇರಬಾರದಂತ ಬಳದು ತಿಪ್ಪಿಗೆ ಹಾಕಿದೆ. ತಿಪ್ಪಿ ಯಾವಾಗ ಎತ್ತಿದ್ರಿ?"

ಗ್ಯಾನಮ್ಮನಿಗೆ ದುಃಖ ಒತ್ತರಿಸಿ ಬಂತು. ಅತ್ತೆ ಸುಖವಾಗಿರಲೆಂದು ಅವಳ ಕೈಯ ಕೆಲಸವನ್ನೆಲ್ಲ ಕಿತ್ತುಕೊಂಡವಳು, ಬೋರಿಂಗ್‌ಗಾಗಿ ತಿಪ್ಪೆ ಎತ್ತಿದ್ದನ್ನು ಹೇಳುವುದನ್ನೇ ಮರೆತಿದ್ದಳು.

ಆದಪ್ಪ ನೆಲ ನೋಡಿದ. "ಇರಲಿ ಬಿಡ್ರಿ. ಕಟ್ಟಿ ನಾ ತೊಳೀತೀನಿ. ಹಂದಿ ಇಲ್ಲೇ ಇರಲಿ."

ಗ್ಯಾನಮ್ಮ ಅತ್ತೆಯ ಕೈ ಹಿಡಿದಳು. "ಬಾ ಅತ್ತಿ, ಹೊಸ ತಿಪ್ಪಿ ತೋರಸ್ತೀನಿ. ಎಷ್ಟು ಹೆಜ್ಜಿ ಅಂತ ನೀನೇ ಎಣಿಸ್ಕೊ."