ಅವನು ನಗುವುದನ್ನು ಬಿಟ್ಟಿದ್ದು

"ಡಾಕ್ಟ್ರೇ, ನನ್ನ ಹೃದಯ ಎಲ್ಲೋ ಬಿದ್ದುಹೋಯ್ತು."

ಪೈಲಟ್‌ಗಳನ್ನು ಕೂರಿಸಿ ಗಿರಗಿರನೆ ಸುತ್ತಿಸುವ ಪರೀಕ್ಷಾ ಯಂತ್ರದಿಂದ ಇಳಿದವನು ಅವಳಿಗೆ ಹೇಳಿದ ಮೊದಲ ಮಾತು ಅದು.

"ಹೃದಯ ಇದ್ದಲ್ಲೇ ಇದೆ. ಶ್ವಾಸಕೋಶದ ರಕ್ತ ಕೆಳಗಿಳಿದಿದೆ, ಅಷ್ಟೆ," ಎಂದಿದ್ದಳು. ಅವನು ಗೋಡೆ ಅದುರುವಂತೆ ನಕ್ಕಿದ್ದ. ಅವಳು ಸೋತದ್ದು ಆ ನಗುವಿಗೇ. ಆಮೇಲೆ ಅವನಿಗೆ ಗಿರಗಿಟ್ಲೆ ಎಂದು ಹೆಸರಿಟ್ಟಳು.

ಈಚೆಗೆ ಗಿರಗಿಟ್ಲೆ ನಗುತ್ತಲೇ ಇರಲಿಲ್ಲ. ಪರೀಕ್ಷೆ ಮುಗಿದೊಡನೆ ತುಟಿ ಬಿಗಿದು ಹೊರಟುಬಿಡುತ್ತಿದ್ದ. ಎಷ್ಟು ಕೆಣಕಿದರೂ ಅಷ್ಟೆ.

ನನ್ನ ಮೇಲೆ ಮನಸ್ಸು ಮುರಿಯಿತೇ... ಅವಳು ಒಳಗೊಳಗೇ ಬೇಯುತ್ತಿದ್ದಳು.

ಇವತ್ತು ಅವನು ಮರೆತುಹೋದ ಕೈಗಡಿಯಾರ ಕೊಡಲೆಂದು ಬಟ್ಟೆ ಬದಲಿಸುವ ಕೋಣೆಯವರೆಗೆ ಹೋದಳು. ಬಾಗಿಲ ಸಂದಿಯಲ್ಲಿ ಕಂಡ. ಟವೆಲ್ಲಿಗೆ ಮುಖ ಒತ್ತಿಕೊಂಡು ಕೆಮ್ಮುತ್ತಿದ್ದ. ಎದೆ ಕಿತ್ತುಬರುವಂಥ ಒಣ ಕೆಮ್ಮು.

ಆ ಕೆಮ್ಮಿನ ಮೂಲ ಅವಳಿಗೆ ಗೊತ್ತು. ಅಷ್ಟು ವೇಗದಲ್ಲಿ ಸುತ್ತುವಾಗ ರಕ್ತವೆಲ್ಲ ಶ್ವಾಸಕೋಶದ ಬುಡಕ್ಕೆ ಜಗ್ಗುತ್ತದೆ, ಮೇಲ್ಭಾಗ ಬರಿದಾಗುತ್ತದೆ. ಬುಡದ ಗಾಳಿಚೀಲಗಳು ಅದುಮಿಕೊಳ್ಳುತ್ತವೆ. ಈಚಿನ ಪರೀಕ್ಷೆಗಳಲ್ಲಿನಂತೆ ಶುದ್ಧ ಆಮ್ಲಜನಕ ಉಸಿರಾಡುತ್ತಿದ್ದರೆ ಮುಚ್ಚಿಯೇ ಹೋಗುತ್ತವೆ. ಆಮೇಲೆ ಜೋರಾಗಿ ಉಸಿರೆಳೆದರೂ ಕೆಮ್ಮು, ನಕ್ಕರೂ ಕೆಮ್ಮು.

ಪ್ರತಿ ಸಲವೂ ಕೇಳಿದ್ದಳು, ಕೆಮ್ಮು ಬಂತಾ ಎಂದು. ಪ್ರತಿ ಸಲವೂ ಇಲ್ಲ ಎಂದಿದ್ದ. ಅದನ್ನೇ ನಂಬಿ, ಶುದ್ಧ ಆಮ್ಲಜನಕದಿಂದ ಪೈಲಟ್‌ಗಳಿಗೆ ತೊಂದರೆಯಿಲ್ಲವೆಂದು ಮಧ್ಯಾಹ್ನದ ಸಭೆಯಲ್ಲಿ ಅವಳು ಹೇಳಲಿದ್ದಳು.

"ಯಾವಾಗಿಂದ ಇದೆ ನಿಮಗೆ?"

ಅವನು ಬೆಚ್ಚಿ ತಿರುಗಿದ. ಅವರಿಬ್ಬರ ನಡುವೆ ಬಹುವಚನ ಹೋಗಿ ವರ್ಷವಾಗಿತ್ತು.

ಗೊತ್ತಾದರೆ ಹಾರಲು ಬಿಡುವುದಿಲ್ಲವೆಂಬ ಭಯ, ಎಂದು ತೊದಲಿದ.

"ಆ ಭಯ ನಂಗೆ ಹೇಳಬಹುದಿತ್ತು. ನನ್ನ ಬಾಯಲ್ಲೂ ಸುಳ್ಳು ಹೇಳಿಸಿ, ಉಳಿದವರನ್ನೆಲ್ಲ ಮೇಲಕ್ಕೆ ಕಳಿಸೋಕೆ ಹೊರಟಿದ್ರಲ್ಲ..."

ಗಡಿಯಾರವನ್ನು ಬೆಂಚಿನ ಮೇಲಿಟ್ಟು ನಡೆದಳು. ಅಳು ಬರಲಿಲ್ಲ. ಕೆಮ್ಮು ಬಚ್ಚಿಡಲು ನಾನು ಕಾಯುತ್ತಿದ್ದ ನಗುವನ್ನೇ ನುಂಗಿದನಲ್ಲ, ಎಂಬುದೊಂದೇ ಎದೆಯಲ್ಲಿ ಕುಟುಕುತ್ತಿತ್ತು.

ಸಭೆಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಅವನು ಎದ್ದು ನಿಂತ. ಪ್ರತಿ ಸಲವೂ ಕೆಮ್ಮು ಬಂದಿತ್ತು, ಡಾಕ್ಟರಿಗೆ ಸುಳ್ಳು ಹೇಳಿದ್ದು ನಾನೇ, ಎಂದ. ಅಲ್ಲೇ ಅವನ ಹಾರಾಟ ನಿಲ್ಲಿಸಿದರು.

ಓಣಿಯಂಥ ವರಾಂಡದಲ್ಲಿ ಅವಳಿಗಾಗಿ ಕಾದಿದ್ದ.

"ವಿಮಾನ ಬಿಟ್ಟಿರಬಲ್ಲೆ ಡಾಕ್ಟ್ರೇ. ನಿನ್ನ ಬಾಯಲ್ಲಿ 'ನೀವು' ಅನ್ನೋದನ್ನ ತಡ್ಕೊಳ್ಳೋಕಾಗಲ್ಲ."

ಅವಳ ನೋವು ಇನ್ನೂ ಹಸಿಯಾಗಿತ್ತು. ಆದರೂ ಸ್ಟೆತಸ್ಕೋಪನ್ನು ಅವನ ಬೆನ್ನಿಗಿಟ್ಟಳು.

"ಉಸಿರೆಳ್ಕೋ."

ಏಕವಚನ! ಅವನು ಗೋಡೆ ಅದುರುವಂತೆ ನಕ್ಕ. ನಗು ಕೆಮ್ಮಿಗೆ ತಿರುಗಿತು. ಈ ಸಲ ಮುಖ ಮುಚ್ಚಿಕೊಳ್ಳಲಿಲ್ಲ.

"ಕೆಮ್ಮು ಬಂತಾ?" ಎಂದಳು, ಮೆಲ್ಲಗೆ.

"ಬಂತು."