ಇನ್ನೂರು ಹೆಜ್ಜೆಯ ಓಟ

ಫೋನು ಬಂದದ್ದು ಬೆಳಗಿನ ಎಂಟು ಗಂಟೆಗೆ. ಎರಡು ಮಾತಾಡಿ ಸತ್ತುಹೋಯಿತು.

"ತೂಡಾ, ಕಾಲು ಮುರಿದಿದೆ. ಮೇಲಿನ ಹುಲ್ಲುಗಾವಲು, ಕಮರಿ ಅಂಚಲ್ಲಿ..."

ಅಷ್ಟೇ. ಮತ್ತೆ ಮತ್ತೆ ಒತ್ತಿದರೂ ಆ ಕಡೆಯಿಂದ ಉಸಿರಿಲ್ಲ. ತೂಡಾ ಬಾಗಿಲಿಗೆ ಬಂದು ಬೆಟ್ಟದ ಕಡೆ ನೋಡಿದಳು. ಅಟ್ಲಾಸ್ ಬೆಟ್ಟಸಾಲಿನ ನೆತ್ತಿಯ ಮೇಲೆ ಮೋಡ ಬೂದಿ ಬಣ್ಣಕ್ಕೆ ತಿರುಗಿತ್ತು. ಅಕ್ಟೋಬರ್ ಕೊನೆಯಲ್ಲಿ ಆ ಬಣ್ಣ ಕಂಡರೆ ಐತ್ ಉಫೆಲ್ಲ ಊರಿನ ಎಳೆಮಕ್ಕಳಿಗೂ ಗೊತ್ತು, ರಾತ್ರಿಯೊಳಗೆ ಹಿಮ. ಕಾಲು ಮುರಿದ ಮನುಷ್ಯ ಆ ಹಿಮದಲ್ಲಿ ಬೆಳಗು ಕಾಣುವುದಿಲ್ಲ. ಝೈದ್ ಅವಳ ಗಂಡ. ಕುರಿಗಳನ್ನು ಕೆಳಗಿಳಿಸಲು ಒಬ್ಬನೇ ಹೋಗಿದ್ದ.

ಮುದುಕ ಬೆನ್ನಾಸರ್ ಚಿಕ್ಕಪ್ಪನನ್ನು ಬಿಟ್ಟರೆ ಊರಲ್ಲಿ ಗಂಡಸರಿರಲಿಲ್ಲ. ಮಂಗಳವಾರದ ಸಂತೆಗೆಂದು ಹೇಸರಗತ್ತೆಗಳನ್ನೆಲ್ಲ ಹೊಡೆದುಕೊಂಡು ಹೋದವರು, ರಾತ್ರಿಯ ಮಳೆಗೆ ಹೊಳೆ ಏರಿ ಆಚೆ ದಡದಲ್ಲೇ ಸಿಕ್ಕಿಕೊಂಡಿದ್ದರು. ನಡೆದು ಹೋದರೆ ಮೇಲೆ ಮುಟ್ಟುವಾಗ ಕತ್ತಲು. ಊರಲ್ಲಿ ಉಳಿದ ನಾಲ್ಕು ಕಾಲಿನ ವಾಹನವೆಂದರೆ ಬೆನ್ನಾಸರ್ ಚಿಕ್ಕಪ್ಪನ ಎರಡು ಗಂಡು ಕುದುರೆ ಮಾತ್ರ. ಅವು ಬೆಟ್ಟ ಹತ್ತುವ ಕುದುರೆಗಳಲ್ಲ, ತ್ಬೂರಿದಾದ ಕುದುರೆಗಳು, ಕೋವಿಯಾಟದವು. ಹಬ್ಬದ ಬಯಲಲ್ಲಿ ಹದಿನೈದು ಸವಾರರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ. ಮುಖಂಡ ಉದ್ದಕ್ಕೆ ಒಂದು ಕೂಗು ಹಾಕುತ್ತಾನೆ. ಸಾಲಿಗೆ ಸಾಲೇ ಇನ್ನೂರು ಹೆಜ್ಜೆ ಹಾರಿಹೋಗುತ್ತದೆ. ಸವಾರರು ಕಾಲಿಡುವ ರಿಕಾಪಿನ ಮೇಲೆ ಎದ್ದುನಿಂತು ಒಂದೇ ಏಟಿಗೆ ಕೋವಿ ಸಿಡಿಸುತ್ತಾರೆ, ಕುದುರೆಗಳು ನೆಟ್ಟ ಹಾಗೆ ನಿಲ್ಲುತ್ತವೆ. ಆ ಕುದುರೆಗಳು ಕಲಿತದ್ದು ಅದೊಂದೇ ವಿದ್ಯೆ.

ತೂಡಾಳಿಂದ ಸುದ್ದಿ ಕೇಳಿ ಅರವತ್ತೆಂಟರ ಬೆನ್ನಾಸರ್ ಆಗಲೇ ಜೀನು ಬಿಗಿಯುತ್ತಿದ್ದ. ಬಲಸೊಂಟ ಹಿಡಿದುಕೊಂಡ ಮನುಷ್ಯ, ನಾಲ್ಕು ಹೆಜ್ಜೆಗೊಮ್ಮೆ ಮುಖ ಕಿವಿಚುತ್ತಿದ್ದ.

"ಒಬ್ಬನೇ ಹೋಗಿ ಏನು ಮಾಡ್ಲಿ?" ಅಂದ. "ಅವನನ್ನ ಎತ್ತಿ ಕುದುರೆ ಮೇಲೆ ಹಾಕೋಕೆ ಇನ್ನೊಂದು ಜೋಡಿ ಕೈ ಬೇಕು. ಈ ಊರ ಹೆಂಗಸರಲ್ಲಿ ಕುದುರೆ ಹತ್ತಿದವಳು ನೀನೊಬ್ಬಳೇ."

"ಹತ್ತಿದವಳಲ್ಲ ಚಿಕ್ಕಪ್ಪ, ಬಿದ್ದವಳು."

"ಬೀಳಬೇಕಾದ್ರೂ ಮೊದ್ಲು ಹತ್ತಿರ್ಬೇಕು ತಾನೆ."

ತೂಡಾಳಿಗೆ ನಗು ಬರಲಿಲ್ಲ. ಹತ್ತೊಂಬತ್ತರ ಹುಡುಗಿಯಾಗಿದ್ದಾಗ ಅವಳಪ್ಪ, ಕೋವಿಯಾಟದ ದಳದ ಆಗಿನ ಮುಖಂಡ, ಊರವರ ಬಾಯಿಗೆ ಹೆದರದೆ ಮಗಳನ್ನು ಸಾಲಿನಲ್ಲಿ ನಿಲ್ಲಿಸಿದ್ದ. ಕೂಗು ಎದ್ದಿತು, ಕುದುರೆಗಳು ಹಾರಿದವು. ಹೆದರಿಕೆಗೆ ಅವಳು ಎರಡು ಕೈಯಲ್ಲೂ ಕುದುರೆಯ ಕತ್ತಿನ ಜೂಲು ಹಿಡಿದು ಜೀನಿಗೆ ಅಂಟಿಕೊಂಡಳು. ಉಳಿದವರೆಲ್ಲ ಎದ್ದುನಿಂತು ಕೋವಿ ಹೊಡೆದರು, ಅವರ ಕುದುರೆಗಳು ನಿಂತವು. ಅವಳದು ನಿಲ್ಲಲಿಲ್ಲ. ಹಳ್ಳದಲ್ಲಿ ಮುಗ್ಗರಿಸಿತು. ರಿಕಾಪಿನಲ್ಲಿ ಕಾಲು ಸಿಕ್ಕಿಸಿಕೊಂಡು ಮೂವತ್ತು ಮಾರು ಕಲ್ಲಿನ ಮೇಲೆ ಎಳೆಸಿಕೊಂಡು ಹೋದಳು. ಕತ್ತಿನ ಕೆಳಗಿನ ಎಲುಬು ಮುರಿದು ಮಲಗಿದ್ದವಳ ಹತ್ತಿರ ಕೂತು ಅಪ್ಪ ಅಂದಿದ್ದ: "ಕುದುರೆ ಕೋವಿ ಮಾತು ಕೇಳಲ್ಲ ಮಗಳೇ, ನಿನ್ನ ಕುಂಡಿ ಮಾತು ಕೇಳುತ್ತೆ. ಅದು ಏಳಲಿಲ್ಲ, ಕುದುರೆ ನಿಲ್ಲಲಿಲ್ಲ."

ಅದಾಗಿ ಇಪ್ಪತ್ತೆರಡು ವರ್ಷ. ಕುದುರೆ ಎದುರಿಗೆ ಬಂದರೆ ಅವಳು ಓಣಿಯ ಆಚೆ ಬದಿಗೆ ಸರಿಯುತ್ತಿದ್ದಳು.

"ಯಾವುದು ಸಾಧು?" ಎಂದು ಕೇಳಿದಳು.

"ಎರಡೂ ಅಲ್ಲ. ಮಸೂದ್ ಕಚ್ತಾನೆ, ಅವನು ನಂಗಿರಲಿ. ನೀನು ಬರ್ಕ್‌ನ ತಗೋ."

ಬರ್ಕ್ ಬೂದು ಬಣ್ಣದ ಎತ್ತರದ ಕುದುರೆ. ಬಿಸ್ಮಿಲ್ಲಾ ಎಂದು ತೂಡಾ ರಿಕಾಪಿಗೆ ಕಾಲು ಕೊಟ್ಟಳು. ಅಗಲವಾದ ಕಬ್ಬಿಣದ ರಿಕಾಪಿನಿಂದ ಎರಡು ಸಲ ಕಾಲು ಜಾರಿತು. ಮೂರನೆಯ ಸಲಕ್ಕೆ ಹತ್ತಿದಳು. ಮೇಲಿನಿಂದ ನೆಲ ಎಷ್ಟು ದೂರ ಕಾಣುತ್ತದೆ ಎಂಬುದು ಅವಳಿಗೆ ಮರೆತೇಹೋಗಿತ್ತು.

ದೇವದಾರುಗಳ ನಡುವೆ ದಾರಿ ಅಗಲವಿತ್ತು. ಮಳೆಯಲ್ಲಿ ತೊಳೆದ ಕಾಂಡಗಳು ಕೆಂಪಗೆ ಹೊಳೆಯುತ್ತಿದ್ದವು. ಕೊಂಬೆಯ ಮೇಲೆ ಕೂತ ಕೋತಿಗಳ ಗುಂಪೊಂದು ಮರಿಗಳನ್ನು ಹೊಟ್ಟೆಗವಚಿಕೊಂಡು ಇವರನ್ನೇ ನೋಡುತ್ತಿತ್ತು. ಕಾಡು ಮುಗಿದ ಮೇಲೆ ಮುಳ್ಳುಪೊದೆಯ ಬೋಳು ಇಳಿಜಾರು, ಅದರ ಮೇಲೆ ಸುಣ್ಣಗಲ್ಲಿನ ಗೋಡೆ. ಗೋಡೆಯ ಹೊಟ್ಟೆಗೆ ಅಡ್ಡಲಾಗಿ ಕೆತ್ತಿದ ದಾರಿಯನ್ನು ಜನ ಮೇಕೆದಾರಿ ಎನ್ನುತ್ತಾರೆ. ಎಡಕ್ಕೆ ಬಂಡೆ, ಬಲಕ್ಕೆ ಏನೂ ಇಲ್ಲ. ಕೆಳಗೆ ಎಲ್ಲೋ ಹೊಳೆಯ ಸದ್ದು.

ಅಲ್ಲಿ ಶುರುವಾಯಿತು ನೋಡಿ ಪೀಕಲಾಟ.

ಮಸೂದ್ ಮುಂದೆ, ಬರ್ಕ್ ಹಿಂದೆ. ಆದರೆ ಬರ್ಕ್‌ಗೆ ಹಿಂದೆ ನಡೆದು ಗೊತ್ತೇ ಇಲ್ಲ. ಕತ್ತು ಚಾಚಿ, ಹೆಗಲು ತಿರುಗಿಸಿ, ಮಸೂದನ ಪಕ್ಕಕ್ಕೆ ಬರಲು ನುಗ್ಗಿತು. ಪಕ್ಕ ಎಂದರೆ ಬರೀ ಗಾಳಿ.

ಬಲಗಾಲಿನ ರಿಕಾಪು ಕಮರಿಯ ಮೇಲೆ ತೂಗಿತು. ಒಂದು ಗೊರಸು ಜಾರಿತು. ಕಲ್ಲೊಂದು ಕಳಚಿ ಬಿತ್ತು, ಅದು ನೆಲ ಮುಟ್ಟಿದ ಸದ್ದು ಬರಲೇ ಇಲ್ಲ.

"ಚಿಕ್ಕಪ್ಪ." ತೂಡಾ ಕರೆದಳು. "ಇದು ಪಕ್ಕಕ್ಕೆ ಬರ್ತಿದೆ."

"ಎಡಗಡೆ ಲಗಾಮು ಬಿಗಿ ಹಿಡಿ. ಮೂಗು ಬಂಡೆ ಕಡೆಗಿರಲಿ. ಕೆಳಗೆ ನೋಡ್ಬೇಡ."

"ನೋಡಿಯಾಯ್ತು."

"ಇನ್ನೊಂದ್ಸಲ ನೋಡ್ಬೇಡ. ಅವನ ತಪ್ಪಲ್ಲಮ್ಮ. ಜೊತೆಯವನ ಭುಜ ಸಿಗದಿದ್ರೆ ಅವನಿಗೆ ಸಮಾಧಾನ ಇಲ್ಲ. ಒಬ್ಬರ ಹಿಂದೆ ಒಬ್ಬರು ಹೋಗೋದು ಹೇಸರಗತ್ತೆ ಬುದ್ಧಿ ಅಂದ್ಕೊಂಡಿದಾನೆ."

"ನಂಗೆ ಹೇಸರಗತ್ತೇನೇ ಸಾಕಾಗಿತ್ತು. ನಾನು ಇಳಿದು ನಡೀತೀನಿ."

"ಎಲ್ಲಿಗೆ ಇಳೀತೀಯಾ? ಕಾಲಿಡೋಕೆ ಜಾಗ ತೋರಿಸು, ಇಳಿ."

ಜಾಗವಿರಲಿಲ್ಲ. ಕಂಡ ಕಂಡ ಸಂತರಿಗೆಲ್ಲ ಹರಕೆ ಹೊತ್ತುಕೊಂಡು ತೂಡಾ ಬರ್ಕ್‌ನ ಮೂಗನ್ನು ಬಂಡೆಯ ಕಡೆಗೇ ಎಳೆದು ಹಿಡಿದಳು. ಮುಕ್ಕಾಲು ಗಂಟೆಯ ದಾರಿ. ಹತ್ತು ಸಲ ಬರ್ಕ್ ನುಗ್ಗಿತು, ಹತ್ತು ಸಲವೂ ಅವಳ ಜೀವ ಬಾಯಿಗೆ ಬಂದು ಹೋಯಿತು. ಝೈದ್ ಅಲ್ಲಿ ಒಬ್ಬನೇ ಬಿದ್ದಿದ್ದಾನೆ ಎಂಬ ನೆನಪೊಂದಿಲ್ಲದಿದ್ದರೆ ಅವಳು ಕಣ್ಣು ಮುಚ್ಚಿಕೊಂಡು ಅಲ್ಲೇ ಕಲ್ಲಾಗುತ್ತಿದ್ದಳು.

ಮೇಲಿನ ಹುಲ್ಲುಗಾವಲು ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಬೇಸಿಗೆಯಲ್ಲಿ ಅದು ಕಣ್ಣು ಹರಿಯುವಷ್ಟು ದೂರ ಹಾಸಿದ ಬಯಲು. ಅಂಗೈ ಹಾಗೆ ಚಪ್ಪಟೆ, ಕುರಿ ಮೇದು ಮೇದು ಹುಲ್ಲು ಬೋಳಾದ ನೆಲ. ಅದರ ಉತ್ತರದ ಅಂಚಿನಲ್ಲಿ ಬಯಲು ಇದ್ದಕ್ಕಿದ್ದಂತೆ ಮುಗಿದು ಕಮರಿಯಾಗುತ್ತದೆ. ಈಗ ಬಯಲೂ ಇಲ್ಲ, ಅಂಚೂ ಇಲ್ಲ, ಎಲ್ಲ ಬಿಳಿ ಮಂಜು. ಇಪ್ಪತ್ತು ಹೆಜ್ಜೆ ಆಚೆ ಏನೂ ಕಾಣದು. ಹಿಮದ ಮೊದಲ ಪುಡಿ ಗಾಳಿಯಲ್ಲಿ ಹಾರಾಡುತ್ತಿತ್ತು.

ಬೆನ್ನಾಸರ್ ಸೊಂಟ ಹಿಡಿದುಕೊಂಡು ಇಳಿದ. ಮಸೂದನ ಲಗಾಮನ್ನು ತೋಳಿಗೆ ಸುತ್ತಿಕೊಂಡ. ಮಂಜಿನಲ್ಲಿ ಹುಡುಕುತ್ತ ಅಲೆದರೆ ತಾವೇ ಕಮರಿಗೆ ಬೀಳುತ್ತಾರೆ.

"ಒಂದ್ಸಲ ಕೂಗಿ ಚಿಕ್ಕಪ್ಪ," ಎಂದಳು ತೂಡಾ. "ನಿಮ್ಮ ಗಂಟಲು ದೊಡ್ಡದು. ಬದುಕಿದ್ರೆ ಓಗೊಡ್ತಾನೆ."

ಕೇಳಿದವಳಿಗೂ ಹೊಳೆಯಲಿಲ್ಲ, ಕೂಗಿದವನಿಗೂ ಹೊಳೆಯಲಿಲ್ಲ. ಅವಳಪ್ಪ ತೀರಿಕೊಂಡ ಮೇಲೆ ದಳದ ಮುಖಂಡನಾಗಿದ್ದವನು ಬೆನ್ನಾಸರ್. ಬಯಲಲ್ಲಿ ನಿಂತು ಗಟ್ಟಿಯಾಗಿ ಕೂಗಬೇಕೆಂದರೆ ಅವನ ಎದೆಯಲ್ಲಿ ಇದ್ದದ್ದು ಒಂದೇ ಕೂಗು. ಕತ್ತು ಎತ್ತಿದ, ಉಸಿರು ತುಂಬಿಕೊಂಡ, ಉದ್ದಕ್ಕೆ ಎಳೆದು ಕೂಗಿದ.

ಬರ್ಕ್‌ನ ಕಿವಿ ನಿಮಿರಿದವು.

ತೂಡಾಳಿಗೆ ಅರ್ಥವಾಗುವಷ್ಟರಲ್ಲಿ ಕುದುರೆ ಹಾರಿತ್ತು. ಹಿಂದೆ ಮಸೂದ್ ಲಗಾಮು ಕಿತ್ತುಕೊಂಡದ್ದು, ಚಿಕ್ಕಪ್ಪ ನೆಲಕ್ಕೆ ಬಿದ್ದದ್ದು ಕೇಳಿಸಿತು. ಮಸೂದ್ ದಡದಡ ಬಂದು ಬರ್ಕ್‌ನ ಭುಜಕ್ಕೆ ಭುಜ ಕೊಟ್ಟಿತು. ಈಗ ಎರಡಕ್ಕೂ ಸಮಾಧಾನ. ಹಬ್ಬದ ಬಯಲು ಸಿಕ್ಕಿತ್ತು, ಸಾಲು ಕೂಡಿತ್ತು, ಕೂಗು ಬಿದ್ದಿತ್ತು.

ಉತ್ತರಕ್ಕೆ. ಕಮರಿಯ ಕಡೆಗೆ.

ಅವಳ ಎರಡೂ ಕೈ ತಾವಾಗಿಯೇ ಜೂಲಿಗೆ ಹೋದವು. ಜೀನಿಗೆ ಅಂಟಿಕೊಂಡಳು. ಲಗಾಮು ಎಳೆದಳು, ಬರ್ಕ್ ಬಾಯಿ ಬಿಗಿದು ಇನ್ನೂ ಜೋರಾಗಿ ಓಡಿತು. ಮಂಜು ಮುಖಕ್ಕೆ ರಾಚುತ್ತಿತ್ತು. ಹತ್ತೊಂಬತ್ತರ ಆ ದಿನವೇ ತಿರುಗಿ ಬಂದಿತ್ತು. ಆಗ ಮುಂದಿದ್ದದ್ದು ಹಳ್ಳ, ಈಗಿರುವುದು ಇನ್ನೂರು ಆಳಿನ ಆಳ.

ನಾನು ಸತ್ತರೆ ಅವನನ್ನು ಯಾರು ಹುಡುಕುತ್ತಾರೆ?

ಕುಂಡಿ ಮಾತು ಕೇಳುತ್ತೆ.

ಅಪ್ಪನ ದನಿ ಕಿವಿಯ ಪಕ್ಕದಲ್ಲೇ ಬಂದ ಹಾಗಾಯಿತು. ಏಳಬೇಕು. ಏಳಬೇಕಾದರೆ ಜೂಲು ಬಿಡಬೇಕು. ಬೆರಳುಗಳು ಒಪ್ಪಲಿಲ್ಲ. ಎಡಗೈ ಬಿಟ್ಟಿತು. ಬಲಗೈ ಬಿಡಲಿಲ್ಲ. ಅವಳು ಅಳುತ್ತಿದ್ದಳು, ಅಳುತ್ತಲೇ ಬೆರಳನ್ನು ಒಂದೊಂದಾಗಿ ಬಿಡಿಸಿದಳು.

ರಿಕಾಪು ಒತ್ತಿ ಎದ್ದುನಿಂತಳು. ಲಗಾಮು ಹಿಡಿದ ಎಡಗೈ ಎದೆಗೆ ಬಂತು. ಇಲ್ಲದ ಕೋವಿ ಹಿಡಿದ ಬಲಗೈ ತಲೆಯ ಮೇಲೆ ಹೋಯಿತು. ಬಾಯಿಂದ ಎಂಥದೋ ಒಂದು ಕಿರುಚು ಹೊರಟಿತು, ಕೋವಿಯ ಬದಲಿಗೆ.

ಬರ್ಕ್ ಹಿಂಗಾಲು ಮಡಚಿ ನೆಲಕ್ಕೆ ನಾಟಿತು.

ಜಾರಿತು, ಜಾರಿತು, ನಿಂತಿತು. ಸವಾರನಿಲ್ಲದ ಮಸೂದ್ ಕಲಿತ ಅಭ್ಯಾಸಕ್ಕೆ ಪಕ್ಕದ ಕುದುರೆಯ ಜೊತೆಯೇ ನಿಂತಿತು, ಆಮೇಲೆ ಹೆದರಿ ತಿರುಗಿ ಬಂದ ದಾರಿಗೇ ಓಟ ಕಿತ್ತಿತು. ತೂಡಾ ಹಾಗೇ ನಿಂತಿದ್ದಳು, ಕೈ ತಲೆಯ ಮೇಲೆ. ಬರ್ಕ್‌ನ ಮುಂಗಾಲಿಂದ ಮೂರು ಮೊಳ ಆಚೆಗೆ ನೆಲವಿರಲಿಲ್ಲ. ಕಿತ್ತು ಹೋದ ಕಲ್ಲುಗಳು ಉರುಳುವ ಸದ್ದು ಮಂಜಿನೊಳಗಿಂದ ಬರುತ್ತಿತ್ತು.

"ಯಾವನೋ ಅದು ಕಲ್ಲು ತಳ್ಳೋನು?" ಕೆಳಗಿಂದ ದನಿ ಬಂತು. "ಒಂದು ಕಾಲು ಉಳಿದಿದೆ, ಅದನ್ನೂ ಮುರಿಬೇಕಾ?"

ಝೈದನ ದನಿ. ಅಂಚಿನಿಂದ ಎರಡಾಳು ಕೆಳಗೆ ಗಾಳಿ ತಾಗದ ಬಂಡೆಯ ಚಾವಡಿಯೊಂದಿತ್ತು. ಅಲ್ಲಿ ಕುರಿಗಳ ನಡುವೆ ತೆವಳಿ ಸೇರಿಕೊಂಡಿದ್ದ.

"ನಾನು," ಎಂದಳು ತೂಡಾ. ಇಳಿಯಲು ಹೋಗಿ ನೆಲಕ್ಕೆ ಕುಸಿದಳು. ಕೂತಲ್ಲೇ ಬರ್ಕ್‌ನ ಮುಂಗಾಲು ಹಿಡಿದುಕೊಂಡು ಗಳಗಳ ಅತ್ತಳು.

ಸ್ವಲ್ಪ ಹೊತ್ತಿಗೆ ಬೆನ್ನಾಸರ್ ಕುಂಟುತ್ತ ಓಡಿಬಂದ. ಮುಖ ಸುಣ್ಣ ಬಳಿದ ಹಾಗಿತ್ತು. "ನನ್ನ ನಾಲಿಗೆ ಕಿತ್ತು ಹಾಕ್ಬೇಕು. ಇಷ್ಟು ವರ್ಷದ ಅಭ್ಯಾಸ ಮಗಳೇ, ಬಾಯಿ ತೆಗೆದ್ರೆ ಅದೇ ಬರುತ್ತೆ."

"ನಾಲಿಗೆ ಆಮೇಲೆ ಕೀಳೋಣ. ಮೊದ್ಲು ಹಗ್ಗ ಕೊಡಿ."

ಚಾವಡಿಗೆ ಕುರಿಗಳ ಕಾಲುದಾರಿಯಿತ್ತು. ಝೈದ್ ಮುರಿದ ಕಾಲಿಗೆ ತಾನೇ ಕೋಲು ಕಟ್ಟಿಕೊಂಡಿದ್ದ, ತುಟಿ ನೀಲಿಗಟ್ಟಿತ್ತು. ಖರ್ಜೂರ ತಿನ್ನಿಸಿ, ಕಂಬಳಿ ಸುತ್ತಿ, ಹಗ್ಗದ ಆಸರೆಯಲ್ಲಿ ಇಬ್ಬರೂ ಅವನನ್ನು ಮೇಲಕ್ಕೆಳೆದರು. ನಡುವೆ ಅವನು ಎರಡು ಸಲ ನೋವಿಗೆ ಮೂರ್ಛೆ ಹೋದ. ಕುರಿಗಳನ್ನು ಹುಲ್ಲುಗಾವಲಿನ ಕಲ್ಲಿನ ದೊಡ್ಡಿಗೆ ಸೇರಿಸಿ ಝೈದನ ಕಾವಲು ನಾಯಿಗಳಿಗೆ ಒಪ್ಪಿಸಿದರು.

ಈಗ ಒಂದೇ ಕುದುರೆ. ಜೀನಿನ ಮೇಲೆ ಕೂರಿಸಿದರೆ ಝೈದ್ ಪಕ್ಕಕ್ಕೆ ವಾಲುತ್ತಿದ್ದ. ಹಿಂದೆ ಕೂತು ಯಾರಾದರೂ ಅಪ್ಪಿ ಹಿಡಿಯಬೇಕು.

ಬೆನ್ನಾಸರ್ ಅವಳ ಮುಖ ನೋಡಿದ.

"ನೋಡ್ಬೇಡಿ ಚಿಕ್ಕಪ್ಪ. ಹತ್ತಿಸಿ," ಎಂದಳು.

ಮೇಕೆದಾರಿಯಲ್ಲಿ ಹಿಮ ಬೆರಳುದ್ದ ಕೂತಿತ್ತು. ಮುಂದೆ ಮಸೂದ್ ಇರಲಿಲ್ಲವಾದ್ದರಿಂದ ಬರ್ಕ್‌ಗೆ ಯಾರ ಭುಜದ ಹಂಬಲವೂ ಇರಲಿಲ್ಲ. ತಲೆ ತಗ್ಗಿಸಿ, ಲಗಾಮು ಹಿಡಿದ ಮುದುಕನ ಹಿಂದೆ ಹೇಸರಗತ್ತೆಯ ಹಾಗೆ ನಡೆಯಿತು. ಆದರೂ ತೂಡಾಳ ಹೆದರಿಕೆ ಹೋಗಲಿಲ್ಲ. ಗಂಡನ ಎದೆಯ ಸುತ್ತ ಬಿಗಿದ ಅವಳ ತೋಳು ಮರಗಟ್ಟಿತ್ತು.

"ನಡುಗ್ತಿದೀಯಾ," ಎಂದ ಝೈದ್ ಕಣ್ಣು ಮುಚ್ಚಿಕೊಂಡೇ.

"ಚಳಿ."

"ಸುಳ್ಳು. ಕುದುರೆ ಕಂಡ್ರೆ ಓಣಿ ದಾಟೋಳು ನೀನು."

"ಹೆದರಿಕೆನೇ. ನೀನು ಬಿದ್ರೆ ನಾನೂ ಬೀಳ್ತೀನಿ, ಅದಕ್ಕೆ ಸುಮ್ನೆ ಕೂತ್ಕೋ."

ದೇವದಾರುಗಳನ್ನು ದಾಟಿ ಊರಿನ ಮೇಲಿನ ತಿರುವಿಗೆ ಬಂದಾಗ ಕತ್ತಲು ಕವಿದಿತ್ತು. ಕೆಳಗಿನಿಂದ ಹೆಂಗಸರ ಅಳು ಕೇಳಿಸಿತು. ಬರಿದಾದ ಜೀನು ಹೊತ್ತು ಮಸೂದ್ ಒಂದು ಗಂಟೆ ಮೊದಲೇ ಮನೆ ಸೇರಿತ್ತು. ಊರು ಮೂವರನ್ನೂ ಆಗಲೇ ಸಾಯಿಸಿ ಕೂತಿತ್ತು. ಹೊಳೆ ಇಳಿದು ಗಂಡಸರು ಬಂದಿದ್ದರು, ಲಾಟೀನು ಹಿಡಿದು ಬೆಟ್ಟದ ದಾರಿಗೆ ಕಾಲಿಟ್ಟಿದ್ದರು. ಬರ್ಕ್‌ನನ್ನು ಕಂಡು ಮುಂದಿದ್ದವನು ಲಾಟೀನು ಅಲ್ಲೇ ಕೆಳಗಿಟ್ಟು ಓಡಿಬಂದ.

ಝೈದನನ್ನು ಇಳಿಸಿ, ಆಸ್ಪತ್ರೆಗೆ ಒಯ್ಯಲು ಸಂತೆಯಿಂದ ಬಂದಿದ್ದ ಟ್ರಕ್ಕಿನಲ್ಲಿ ಮಲಗಿಸಿದರು. ಕಾಲು ಉಳಿಯುತ್ತೆ ಎಂದರು ಎಲುಬು ಬಲ್ಲವರು. ತೂಡಾ ಮಾತ್ರ ಕುದುರೆಯಿಂದ ಇಳಿಯಲಾರದೆ ಕೂತಿದ್ದಳು, ಕಾಲು ಹಾಗೇ ಸೆಟೆದುಕೊಂಡಿತ್ತು. ನಾಲ್ಕು ಜನ ಹೆಂಗಸರು ಮೂಟೆ ಇಳಿಸಿದ ಹಾಗೆ ಇಳಿಸಿದರು. ಮೊದಲು ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ, ಕೊನೆಗೆ ತೂಡಾ ಕೂಡ. ಅವಳನ್ನೂ ಟ್ರಕ್ಕಿಗೆ ಹತ್ತಿಸುವ ಮೊದಲು ಯಾರೋ ಅವಳ ಕೈಗೆ ಬಿಸಿ ಚಹಾದ ಲೋಟ ಕೊಟ್ಟರು.

ಬೆನ್ನಾಸರ್ ಬರ್ಕ್‌ನ ಬೆವರು ಒರೆಸುತ್ತ ಅಂದ: "ಇವತ್ತಿಂದು ಸಾಕು. ಸುಧಾರಿಸ್ಕೋ. ಒಂದು ಹದಿನೈದು ದಿನ ಬಿಟ್ಟು ಬಾ, ಇವನಿಗೂ ಕಾಲಾಡಿಸ್ಬೇಕು."

ತೂಡಾ ಕುದುರೆಯನ್ನೊಮ್ಮೆ ನೋಡಿದಳು. ಅದೇ ಹಳೆಯ ಹೆದರಿಕೆ ಇನ್ನೂ ಅಲ್ಲೇ ಇತ್ತು.

"ಬೇಡ ಚಿಕ್ಕಪ್ಪ. ಆಸ್ಪತ್ರೆಯಿಂದ ಬಂದ ಬೆಳಿಗ್ಗೇನೇ ಹತ್ತಿಸಿ," ಎಂದಳು. "ಹದಿನೈದು ದಿನ ಬಿಟ್ರೆ ಅದೇ ಇಪ್ಪತ್ತೆರಡು ವರ್ಷ ಆಗ್ಬಿಡುತ್ತೆ."